ಹೊಣೆಗೊಂದು ವಿಳಾಸ: ಊರಿನ ರೈಲು, ಹಿರಿಯರ ಆರೈಕೆ ಮತ್ತು ಸರ್ಕಾರದ ಉತ್ತರದಾಯಿತ್ವ



ದತ್ತಿಯ ಹಣ ನಂಬಿಕೆಯ ಹಣ. ಕೊಟ್ಟವರು ಇರಲಿ, ಇಲ್ಲದಿರಲಿ, ಅದರ ಬಡ್ಡಿಯಿಂದ ಏನು ನಡೆಯಿತು ಎಂಬುದನ್ನು ದತ್ತಿ ಪಡೆದ ಸಂಸ್ಥೆ ಪ್ರತಿ ವರ್ಷ ತನ್ನ ಸದಸ್ಯರ ಮುಂದೆ ಇಡುತ್ತದೆ. ಮೊತ್ತ ಚಿಕ್ಕದೆಂದು ಲೆಕ್ಕ ತಪ್ಪಿಸುವುದಿಲ್ಲ. ನಮ್ಮೆಲ್ಲರ ತೆರಿಗೆ ಸರ್ಕಾರದ ಕೈಯಲ್ಲಿ ಇರುವುದೂ ಇಂಥದೇ ನಂಬಿಕೆಯ ಮೇಲೆ. ಆದ್ದರಿಂದ ಈ ದತ್ತಿ ಉಪನ್ಯಾಸದ ವೇದಿಕೆಯಿಂದ ಸರ್ಕಾರದ ಲೆಕ್ಕ ಕೇಳುವುದು ತಕ್ಕದ್ದೆಂದು ಭಾವಿಸಿದ್ದೇನೆ.

ನಾನು ಎರಡು ಸೇವೆಗಳನ್ನು ಆರಿಸಿಕೊಂಡಿದ್ದೇನೆ. ಒಂದು, ಊರಿಂದ ಊರಿಗೆ ಓಡುವ ಸಾಮಾನ್ಯ ರೈಲು. ಇನ್ನೊಂದು, ವಯಸ್ಸಾದವರ ಆರೈಕೆ. ಇವೆರಡಕ್ಕೂ ಏನು ಸಂಬಂಧ ಎಂದು ಕೆಲವರಿಗೆ ಅನಿಸಬಹುದು. ರೈಲು ದೆಹಲಿಯ ಕೈಯಲ್ಲಿದೆ. ವೃದ್ಧಾಪ್ಯ ವೇತನದ ಕಾಗದ ನಾಡಕಚೇರಿಯಲ್ಲಿದೆ. ಆದರೆ ಎಪ್ಪತ್ತು ದಾಟಿದವರ ಬದುಕಿನಲ್ಲಿ ಇವು ಒಂದಕ್ಕೊಂದು ಹೆಣೆದುಕೊಂಡಿವೆ.

ಕುಷ್ಟಗಿ ಕಡೆಯ ಹಳ್ಳಿಯ ಹಿರಿಯ ರೈತರೊಬ್ಬರು ಕಿಮ್ಸ್ ಎಂದೇ ಜನ ಕರೆಯುವ ಹುಬ್ಬಳ್ಳಿಯ ಸರ್ಕಾರಿ ಆಸ್ಪತ್ರೆಗೆ ಆಗಾಗ ಬರಬೇಕಾಗಿದೆ ಎಂದುಕೊಳ್ಳಿ. ಸಕ್ಕರೆ ಕಾಯಿಲೆ ಇದ್ದವರಿಗೆ, ಮೂತ್ರದ ತೊಂದರೆ ಇದ್ದವರಿಗೆ ದೂರದ ಬಸ್ ಪ್ರಯಾಣವೆಂದರೆ ಭಯ. ಹಿಂದಿನ ರಾತ್ರಿಯಿಂದಲೇ ನೀರು ಕುಡಿಯುವುದನ್ನು ಬಿಡುವವರಿದ್ದಾರೆ. ರೈಲಿನಲ್ಲಾದರೆ ಶೌಚಾಲಯವಿದೆ, ಎದ್ದು ನಾಲ್ಕು ಹೆಜ್ಜೆ ಹಾಕಲು ಜಾಗವಿದೆ. ರೈಲು ಸರಿಹೊತ್ತಿಗೆ ಇದ್ದರೆ ಅವರು ತಾವೇ ಬಂದು ತೋರಿಸಿಕೊಂಡು ಹೋಗಬಲ್ಲರು. ಇಲ್ಲದಿದ್ದರೆ ಮಗ ಒಂದು ದಿನದ ಕೂಲಿ ಬಿಟ್ಟು ಜೊತೆಗೆ ಬರಬೇಕು, ಅಥವಾ ಬಾಡಿಗೆ ಗಾಡಿ ಹಿಡಿಯಬೇಕು. ಕೈಯಲ್ಲಿರುವ ಆಧಾರ ತಿಂಗಳ ವೃದ್ಧಾಪ್ಯ ವೇತನ. ಅದು ನಿಂತರೆ ಆಸ್ಪತ್ರೆಯೂ ನಿಲ್ಲುತ್ತದೆ. ರೈಲು ಏಕೆ ಈ ಹೊತ್ತಿಗಿಲ್ಲ ಎಂದು ಅವರು ಸ್ಟೇಷನ್ನಿನಲ್ಲಿ ಕೇಳಿದರೆ, ವೇತನ ಏಕೆ ನಿಂತಿತು ಎಂದು ತಾಲ್ಲೂಕು ಕಚೇರಿಯಲ್ಲಿ ಕೇಳಿದರೆ, ಎರಡೂ ಕಡೆ ಸಿಗುವ ಉತ್ತರ ಒಂದೇ: “ಅದು ನಮ್ಮ ಕೈಯಾಗ ಇಲ್ರಿ ಯಜಮಾನ್ರ, ಮ್ಯಾಲಿಂದ ಬರಬೇಕು.”

ಉತ್ತರ ಕೊಟ್ಟ ನೌಕರ ಸುಳ್ಳು ಹೇಳುತ್ತಿಲ್ಲ. ನಿಜಕ್ಕೂ ಅದು ಅವನ ಕೈಯಲ್ಲಿಲ್ಲ. ಇಂದಿನ ನನ್ನ ಮಾತಿನ ತಿರುಳು ಇಲ್ಲೇ ಇದೆ. ಹೊಣೆಗೆ ಒಂದು ವಿಳಾಸ ಬೇಕು. ನಿರ್ಧಾರ ಮಾಡಿದವರು ಯಾರು, ಹಣ ಕೊಡಬೇಕಾದವರು ಯಾರು, ಕಾರಣವೇನು, ಯಾವ ದಿನದೊಳಗೆ ಸರಿಯಾಗುತ್ತದೆ, ಸರಿಯಾಗದಿದ್ದರೆ ಯಾರು ಯಾರ ಮುಂದೆ ನಿಂತು ಉತ್ತರ ಹೇಳಬೇಕು? ಇಷ್ಟೂ ಪ್ರಶ್ನೆಗಳಿಗೆ ಹಿರಿಯರು ಇರುವ ಜಿಲ್ಲೆಯಲ್ಲೇ ಉತ್ತರ ಸಿಗುವಂತಿರಬೇಕು.

ಉತ್ತರ ಹೇಳುವ ಸಂಪ್ರದಾಯ

ಇದು ನಮ್ಮ ನಾಡಿಗೆ ಹೊಸ ಬೇಡಿಕೆಯಲ್ಲ. 1881ರಲ್ಲಿ ದಿವಾನ್ ರಂಗಾಚಾರ್ಲು ಅವರು ಮೈಸೂರು ಪ್ರಜಾಪ್ರತಿನಿಧಿ ಸಭೆಯನ್ನು ಆರಂಭಿಸಿದರು. ಮೊದಲ ಅಧಿವೇಶನಕ್ಕೆ 144 ಪ್ರತಿನಿಧಿಗಳು ಬಂದರು. ಆ ಸಭೆಗೆ ಕಾನೂನು ಮಾಡುವ ಅಧಿಕಾರವಿರಲಿಲ್ಲ, ಬಜೆಟ್ಟನ್ನು ತಡೆಯುವ ಅಧಿಕಾರವೂ ಇರಲಿಲ್ಲ. ಆದರೂ ದಿವಾನರು ಪ್ರತಿ ವರ್ಷ ಅದರ ಮುಂದೆ ನಿಂತು ಸಂಸ್ಥಾನದ ಆದಾಯವೆಷ್ಟು, ಖರ್ಚೆಷ್ಟು, ಯಾವ ಕೆಲಸ ಎಲ್ಲಿಗೆ ಬಂತು ಎಂದು ವಿವರಿಸುತ್ತಿದ್ದರು. ಪ್ರತಿನಿಧಿಗಳು ತಮ್ಮ ಸೀಮೆಯ ಅಹವಾಲುಗಳನ್ನು ಎದುರಿಗೇ ಹೇಳುತ್ತಿದ್ದರು. ಭೀಕರ ಬರಗಾಲದಿಂದ ನಾಡು ಆಗಷ್ಟೇ ಚೇತರಿಸಿಕೊಳ್ಳುತ್ತಿದ್ದ ಕಾಲ ಅದು. ಮರುವರ್ಷವೇ, 1882ರಲ್ಲಿ, ಬೆಂಗಳೂರು–ಮೈಸೂರು ರೈಲು ಮಾರ್ಗ ಪೂರ್ಣಗೊಂಡಿತು. ಮತದ ಹಕ್ಕೇ ಇಲ್ಲದ ಕಾಲದಲ್ಲಿ ಆಳುವವರು ಜನರ ಮುಂದೆ ಲೆಕ್ಕ ಇಟ್ಟರು. ಮತದ ಹಕ್ಕು ಬಂದು ಮುಕ್ಕಾಲು ಶತಮಾನ ಕಳೆದ ಮೇಲೆ ನಾವು ಅದಕ್ಕಿಂತ ಕಡಿಮೆಗೆ ಒಪ್ಪಿಕೊಳ್ಳಬಾರದು.

ಸಂವಿಧಾನದ 41ನೇ ವಿಧಿ ವೃದ್ಧಾಪ್ಯದಲ್ಲಿ ಸಾರ್ವಜನಿಕ ನೆರವು ಒದಗಿಸಲು ಪ್ರಭುತ್ವ ತನ್ನ ಆರ್ಥಿಕ ಶಕ್ತಿಯ ಮಿತಿಯಲ್ಲಿ ಪರಿಣಾಮಕಾರಿ ವ್ಯವಸ್ಥೆ ಮಾಡಬೇಕೆಂದು ಹೇಳುತ್ತದೆ. ಏಳನೇ ಅನುಸೂಚಿಯಲ್ಲಿ ರೈಲ್ವೆ ಕೇಂದ್ರ ಪಟ್ಟಿಯಲ್ಲಿದೆ. ಸಾಮಾಜಿಕ ಭದ್ರತೆ ಸಮವರ್ತಿ ಪಟ್ಟಿಯಲ್ಲಿದೆ. ಅಧಿಕಾರ ಹಂಚಿಕೆಗಾಗಿ ಮಾಡಿದ ಈ ಪಟ್ಟಿಗಳು ಕೈ ತೊಳೆದುಕೊಳ್ಳಲು ನೆಪವಾಗಬಾರದು.

ಒಂದು ರಾಜ್ಯ, ಐದು ರೈಲ್ವೆ

ನಾವು ಕುಳಿತಿರುವ ಈ ಹುಬ್ಬಳ್ಳಿ ನೈರುತ್ಯ ರೈಲ್ವೆ ವಲಯದ ಕೇಂದ್ರ. 2003ರ ಏಪ್ರಿಲ್ 1ರಂದು ವಲಯ ಕೆಲಸ ಆರಂಭಿಸಿತು. ಹುಬ್ಬಳ್ಳಿ, ಬೆಂಗಳೂರು, ಮೈಸೂರು ಅದರ ಮೂರು ವಿಭಾಗಗಳು. ಅದಕ್ಕಾಗಿ ಈ ಭಾಗದ ಜನ ನಡೆಸಿದ ಹೋರಾಟ ನಿಮ್ಮಲ್ಲಿ ಹಲವರಿಗೆ ನೆನಪಿರುತ್ತದೆ. ಆದರೂ ಇಡೀ ಕರ್ನಾಟಕ ಈ ವಲಯದೊಳಗಿಲ್ಲ. ಕಲಬುರಗಿ ಮಧ್ಯ ರೈಲ್ವೆಯ ಸೋಲಾಪುರ ವಿಭಾಗದಲ್ಲಿದೆ. ಮಂಗಳೂರು ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗದಲ್ಲಿದೆ. ಬೀದರ್ ದಕ್ಷಿಣ ಮಧ್ಯ ರೈಲ್ವೆಯ ಸಿಕಂದರಾಬಾದ್ ವಿಭಾಗಕ್ಕೆ ಸೇರಿದೆ. ಕರಾವಳಿಯ ಉದ್ದಕ್ಕೂ ಇರುವುದು ಕೊಂಕಣ ರೈಲ್ವೆ ನಿಗಮ. ಬೈಂದೂರಿನ ಅಜ್ಜಿಯೂ ಬೀದರಿನ ಅಜ್ಜನೂ ಆರಿಸಿದ ವಿಧಾನಸಭೆ ಒಂದೇ. ರೈಲಿನ ವಿಷಯದಲ್ಲಿ ಮಾತ್ರ ಅವರ ಅರ್ಜಿಗಳು ಬೇರೆ ಬೇರೆ ರಾಜ್ಯಗಳಲ್ಲಿರುವ ಕಚೇರಿಗಳಿಗೆ ಹೋಗಬೇಕು. ಕಲಬುರಗಿಗೆ ಪ್ರತ್ಯೇಕ ವಿಭಾಗ ಕೊಡುವುದಾಗಿ 2014ರಲ್ಲೇ ಘೋಷಣೆಯಾಯಿತು. ಆ ವಿಭಾಗ ಇನ್ನೂ ಕೆಲಸ ಆರಂಭಿಸಿಲ್ಲ.

ನಮ್ಮ ರಾಜ್ಯದವರೇ ಆದ ಕೆಂಗಲ್ ಹನುಮಂತಯ್ಯ, ಸಿ.ಕೆ. ಜಾಫರ್ ಷರೀಫ್, ಮಲ್ಲಿಕಾರ್ಜುನ ಖರ್ಗೆ, ಡಿ.ವಿ. ಸದಾನಂದಗೌಡ ರೈಲ್ವೆ ಸಚಿವರಾಗಿದ್ದರು. ಸುರೇಶ ಅಂಗಡಿಯವರು ಈ ಭಾಗದವರೇ, ರೈಲ್ವೆ ರಾಜ್ಯ ಸಚಿವರಾಗಿದ್ದರು. ಆಯಾ ಕಾಲದಲ್ಲಿ ಒಂದಷ್ಟು ಕೆಲಸಗಳಾದವು. ಆದರೆ ನಮ್ಮವರೊಬ್ಬರು ಸಚಿವರಾದಾಗ ರೈಲು ಸಿಗುವುದು, ಅವರು ಹೋದಾಗ ನಿಲ್ಲುವುದು ಪುಣ್ಯದ ಮಾತಾಗುತ್ತದೆ. ಹಕ್ಕು ಎಂಬುದು ಸಚಿವರು ಬದಲಾದರೂ ಉಳಿಯಬೇಕು.

ಹೊಸ ಮಾರ್ಗಗಳು ಮತ್ತು ಅವುಗಳ ಹಣದ ಕಡೆಗೆ ಬನ್ನಿ. 257 ಕಿ.ಮೀ. ಉದ್ದದ ಗದಗ–ವಾಡಿ ಮಾರ್ಗಕ್ಕೆ 2013–14ರಲ್ಲಿ ಮಂಜೂರಾತಿ ಸಿಕ್ಕಿತು. 2025ರ ಮೇ ತಿಂಗಳಲ್ಲಿ ಆ ಮಾರ್ಗದ ಕುಷ್ಟಗಿಗೆ ಪ್ರಯಾಣಿಕರ ರೈಲು ಬಂತು; ಆ ಊರಿಗೆ ಅದು ಹಬ್ಬವೇ ಆಗಿತ್ತು. ಬಾಗಲಕೋಟೆ–ಕುಡಚಿ ಮಾರ್ಗ, ತುಮಕೂರು–ಚಿತ್ರದುರ್ಗ–ದಾವಣಗೆರೆ ಮಾರ್ಗ, ತುಮಕೂರು–ರಾಯದುರ್ಗ ಮಾರ್ಗ ವರ್ಷಗಟ್ಟಲೆ ತೆವಳುತ್ತಿವೆ. ಬೀದರ್–ಕಲಬುರಗಿ ಮಾರ್ಗ 1990ರ ದಶಕದಲ್ಲಿ ಮಂಜೂರಾಗಿ 2017ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾಯಿತು. ಮಂಜೂರಾದಾಗ ಐವತ್ತು ತುಂಬಿದ್ದವರು ಎಪ್ಪತ್ತಾದ ಮೇಲೆ ಆ ರೈಲು ಹತ್ತಿದರು.

ಇಂಥ ಹಲವು ಮಾರ್ಗಗಳಿಗೆ ಕರ್ನಾಟಕ ಸರ್ಕಾರ ಅರ್ಧ ವೆಚ್ಚ ಕೊಡುತ್ತದೆ, ಜಮೀನನ್ನೂ ತಾನೇ ಒದಗಿಸುತ್ತದೆ. ಹಳಿ ಹಾಕುವವರೆಗೆ ರಾಜ್ಯ ಪಾಲುದಾರ. ಹಳಿಯ ಮೇಲೆ ಎಷ್ಟು ರೈಲು ಓಡಬೇಕು, ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತಿಗೆ ಹೊರಡಬೇಕು ಎಂದು ತೀರ್ಮಾನಿಸುವಾಗ ಆ ಪಾಲುದಾರಿಕೆ ಇಲ್ಲ. ಆಗ ರಾಜ್ಯ ಮನವಿ ಸಲ್ಲಿಸುವ ಒಬ್ಬ ಅರ್ಜಿದಾರ ಮಾತ್ರ. ಬೆಳಗಿನ ರೈಲು ಆಸ್ಪತ್ರೆಯಲ್ಲಿ ಚೀಟಿ ಮಾಡಿಸುವ ವೇಳೆಗೆ ತಲುಪುವಂತೆ ಇರಬೇಕು ಎಂಬ ಸರಳ ಮಾತನ್ನು ಪರಿಗಣಿಸಲೇಬೇಕಾದ ಕರ್ತವ್ಯ ಯಾರ ಮೇಲೂ ಇಲ್ಲ. ತೆರಿಗೆದಾರರ ಹಣ ಅರ್ಧ ಹಾಕಿ ಸೇವೆಯ ಬಗ್ಗೆ ಒಂದು ಸಾಲಿನ ಕರಾರನ್ನೂ ಪಡೆಯದಿರುವುದು ರಾಜ್ಯ ಸರ್ಕಾರದ ತಪ್ಪು. ಯಾವ ಪಕ್ಷ ಅಧಿಕಾರದಲ್ಲಿದ್ದರೂ ಈ ತಪ್ಪು ಮುಂದುವರಿದಿದೆ.

ಬೆಂಗಳೂರಿನ ಉಪನಗರ ರೈಲನ್ನೂ ಇಲ್ಲಿ ನೆನೆಯಬೇಕು. 148 ಕಿ.ಮೀ., ನಾಲ್ಕು ಮಾರ್ಗ, 15,767 ಕೋಟಿ ರೂಪಾಯಿಯ ಯೋಜನೆ. ಕೇಂದ್ರ ಸಚಿವ ಸಂಪುಟ 2020ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು. 2022ರ ಜೂನ್‌ನಲ್ಲಿ ಶಂಕುಸ್ಥಾಪನೆಯಾದಾಗ 40 ತಿಂಗಳಲ್ಲಿ ಮುಗಿಸುವ ಭರವಸೆ ಬಂತು. ಒಂದು ಮಾರ್ಗವೂ ತೆರೆಯದೆಯೇ ಆ ಗಡುವು ದಾಟಿತು. ಇದನ್ನು ಕಟ್ಟುತ್ತಿರುವ ಕೆ–ರೈಡ್ ಕೇಂದ್ರ ಮತ್ತು ರಾಜ್ಯ ಎರಡರ ಜಂಟಿ ಕಂಪನಿ. ಜಂಟಿಯಾಗಿ ಕಟ್ಟುವುದು ಒಳ್ಳೆಯದು. ಆದರೆ ಗಡುವು ತಪ್ಪಿದಾಗ ಜಂಟಿಯಾಗಿ ಬಂದು ಕಾರಣ ಹೇಳಿದವರನ್ನು ನಾವು ಕಂಡಿಲ್ಲ.

ಕೋವಿಡ್ ಕಾಲದಲ್ಲಿ ಸಾಮಾನ್ಯ ರೈಲಿಗೆ ಆದದ್ದು ಬೇರೆಯೇ ಕಥೆ. ಎಲ್ಲ ರೈಲುಗಳು ನಿಂತವು; ಅದು ಅನಿವಾರ್ಯವಾಗಿತ್ತು. ಮತ್ತೆ ಓಡತೊಡಗಿದಾಗ ಪ್ಯಾಸೆಂಜರ್ ರೈಲುಗಳು ‘ವಿಶೇಷ’ ಎಕ್ಸ್‌ಪ್ರೆಸ್ ಆಗಿ ಬಂದವು. ಕನಿಷ್ಠ ಟಿಕೆಟ್ 10 ರೂಪಾಯಿಯಿಂದ 30 ರೂಪಾಯಿಗೆ ಹೋಯಿತು. ಅದು ಮತ್ತೆ 10ಕ್ಕೆ ಇಳಿದದ್ದು 2024ರ ಫೆಬ್ರುವರಿಯಲ್ಲಿ. 200 ಕಿ.ಮೀ.ಗಿಂತ ದೂರ ಓಡುವ ಪ್ಯಾಸೆಂಜರ್‌ಗಳನ್ನು ಎಕ್ಸ್‌ಪ್ರೆಸ್ ಮಾಡುವ ನೀತಿಯೂ ಅದೇ ಹೊತ್ತಿಗೆ ಬಂತು. ಎಕ್ಸ್‌ಪ್ರೆಸ್ ಆದ ಮೇಲೆ ಸಣ್ಣ ಸ್ಟೇಷನ್ನುಗಳ ನಿಲುಗಡೆ ಕಡಿಮೆಯಾಗುವುದು ಸಹಜ. ಸಂತೆಗೆ ಹೋಗುವವರು, ಮಗಳ ಮನೆಗೆ ಹೋಗುವ ಮುದುಕರು ಹತ್ತುತ್ತಿದ್ದದ್ದು ಅಲ್ಲೇ.

ದೂರು ಕೊಡಲು 139 ಸಹಾಯವಾಣಿ ಇದೆ, ರೈಲ್ ಮದದ್ ಆ್ಯಪ್ ಇದೆ. ಬೋಗಿಯಲ್ಲಿ ನೀರಿಲ್ಲ ಎಂದರೆ ಮುಂದಿನ ಸ್ಟೇಷನ್ನಿನಲ್ಲಿ ಸಿಬ್ಬಂದಿ ಬಂದು ನೋಡುವುದುಂಟು, ಅದನ್ನು ಮೆಚ್ಚಬೇಕು. ಆದರೆ ಓಡದೇ ಇರುವ ರೈಲಿನ ಬಗ್ಗೆ, ಕಿತ್ತುಹಾಕಿದ ನಿಲುಗಡೆಯ ಬಗ್ಗೆ ಕಾರಣ ಸಹಿತ ಉತ್ತರ ಕೊಡಿಸುವ ಬಲ ಈ ವ್ಯವಸ್ಥೆಗಿಲ್ಲ. ವಿಭಾಗ ಮಟ್ಟದಲ್ಲಿ, ವಲಯ ಮಟ್ಟದಲ್ಲಿ ಬಳಕೆದಾರರ ಸಲಹಾ ಸಮಿತಿಗಳಿವೆ. ಅವು ಸಲಹೆ ಕೊಡಬಹುದು, ಅಷ್ಟೇ. ದರ ಮತ್ತು ಪ್ರಯಾಣಿಕರ ಹಿತ ನೋಡಿಕೊಳ್ಳಲು ರೈಲು ಅಭಿವೃದ್ಧಿ ಪ್ರಾಧಿಕಾರ ರಚಿಸಲು 2017ರಲ್ಲಿ ಕೇಂದ್ರ ಸಂಪುಟ ಒಪ್ಪಿತು. ಅದು ಕಾರ್ಯರೂಪಕ್ಕೆ ಬರಲಿಲ್ಲ. ಅದೇ ವರ್ಷ ಪ್ರತ್ಯೇಕ ರೈಲ್ವೆ ಬಜೆಟ್ ನಿಂತು ಸಾಮಾನ್ಯ ಬಜೆಟ್‌ನಲ್ಲಿ ಸೇರಿತು. ಲೆಕ್ಕಪತ್ರದ ದೃಷ್ಟಿಯಿಂದ ಅದಕ್ಕೆ ಕಾರಣಗಳಿರಬಹುದು. ಆದರೆ ಯಾವ ಊರಿಗೆ ಯಾವ ರೈಲು ಎಂದು ಸಚಿವರು ಸದನದಲ್ಲಿ ನಿಂತು ಓದುತ್ತಿದ್ದ, ಇಡೀ ದೇಶ ಕೇಳುತ್ತಿದ್ದ ದಿನವೊಂದು ಹೋಯಿತು. ಅದರ ಬದಲಿಗೆ ಜನ ಪ್ರಶ್ನೆ ಕೇಳುವ ಬೇರೆ ಜಾಗ ಹುಟ್ಟಲಿಲ್ಲ.

ರಿಯಾಯಿತಿ ಹೋದ ಬಗೆ

ರೈಲು ಮತ್ತು ವೃದ್ಧಾಪ್ಯ ನೇರವಾಗಿ ಭೇಟಿಯಾಗುವ ಜಾಗ ಹಿರಿಯ ನಾಗರಿಕರ ರಿಯಾಯಿತಿ. 60 ದಾಟಿದ ಗಂಡಸರಿಗೆ ಶೇ 40, 58 ದಾಟಿದ ಹೆಂಗಸರಿಗೆ ಶೇ 50 ರಿಯಾಯಿತಿ ಇತ್ತು. 2020ರ ಮಾರ್ಚ್ 20ರಿಂದ ಅದು ನಿಂತಿತು. ಸೋಂಕು ಹರಡುತ್ತಿದೆ, ವಯಸ್ಸಾದವರು ಅನಗತ್ಯವಾಗಿ ಪ್ರಯಾಣ ಮಾಡದಿರಲಿ ಎಂಬುದು ಆಗ ಕೊಟ್ಟ ಕಾರಣ. ಆ ಹೊತ್ತಿಗೆ ಅದು ಸರಿಯಾದ ಕಾರಣವೇ.

ಸೋಂಕು ಹೋಯಿತು, ರೈಲುಗಳು ತುಂಬಿ ಓಡತೊಡಗಿದವು, ರಿಯಾಯಿತಿ ಮಾತ್ರ ಮರಳಿ ಬರಲಿಲ್ಲ. ಸಂಸತ್ತಿನಲ್ಲಿ ಕೇಳಿದಾಗ ಕಾರಣ ಬದಲಾಯಿತು: ಪ್ರತಿ ಪ್ರಯಾಣಿಕರ ಟಿಕೆಟ್ಟಿಗೂ ರೈಲ್ವೆ ಸರಾಸರಿ ಶೇ 46ರಷ್ಟು ಭಾರ ಹೊರುತ್ತಿದೆ, ಆದ್ದರಿಂದ ಬೇರೆ ರಿಯಾಯಿತಿ ಕಷ್ಟ ಎಂದಾಯಿತು. ಕನಿಷ್ಠ ಸ್ಲೀಪರ್ ಮತ್ತು ತೃತೀಯ ದರ್ಜೆ ಎ.ಸಿ.ಯಲ್ಲಾದರೂ ಮರಳಿ ಕೊಡುವುದನ್ನು ಪರಿಶೀಲಿಸಿ ಎಂದು ಸಂಸತ್ತಿನ ರೈಲ್ವೆ ಸ್ಥಾಯಿ ಸಮಿತಿ ಹೇಳಿತು. ಅದೂ ಆಗಲಿಲ್ಲ. ಮಾಹಿತಿ ಹಕ್ಕಿನ ಅರ್ಜಿಗಳಿಗೆ ಸಿಕ್ಕ ಉತ್ತರಗಳ ಪ್ರಕಾರ, ರಿಯಾಯಿತಿ ನಿಂತಂದಿನಿಂದ 2024ರ ಜನವರಿವರೆಗೆ ಹಿರಿಯರಿಂದ ಹೆಚ್ಚುವರಿಯಾಗಿ ಬಂದ ಹಣ 5,800 ಕೋಟಿ ರೂಪಾಯಿಗೂ ಹೆಚ್ಚು.

ರಿಯಾಯಿತಿ ಎಷ್ಟಿರಬೇಕು, ಯಾರಿಗಿರಬೇಕು ಎಂಬ ಬಗ್ಗೆ ಭಿನ್ನ ಅಭಿಪ್ರಾಯಗಳಿರಬಹುದು. ಉಳ್ಳವರಿಗೆ ಮೊದಲ ದರ್ಜೆಯಲ್ಲೂ ರಿಯಾಯಿತಿ ಬೇಕೆ ಎಂಬ ಪ್ರಶ್ನೆಯೂ ನ್ಯಾಯವೇ. ನನ್ನ ಆಕ್ಷೇಪ ಇರುವುದು ಅದು ಹೋದ ರೀತಿಗೆ. ಆರೋಗ್ಯದ ಕಾರಣ ಹೇಳಿ ತಾತ್ಕಾಲಿಕವಾಗಿ ತೆಗೆದದ್ದು, ಹಣಕಾಸಿನ ಕಾರಣದಿಂದ ಶಾಶ್ವತವಾದಂತೆ ಉಳಿಯಿತು. ನಡುವೆ ಯಾವ ಸದನದಲ್ಲೂ ಮತ ಬೀಳಲಿಲ್ಲ. ಹೊಸ ಕಾರಣಕ್ಕೆ ಹೊಸ ತೀರ್ಮಾನ ಬೇಕು. ಆ ತೀರ್ಮಾನಕ್ಕೆ ಬಹಿರಂಗ ಚರ್ಚೆ ಬೇಕು. ಉತ್ತರದಾಯಿತ್ವದ ಮೊದಲ ಪಾಠವಿದು.

ಇದರ ಪರಿಣಾಮ ನಮ್ಮ ರಾಜ್ಯದಲ್ಲಿ ಎದ್ದು ಕಾಣುತ್ತದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಹೆಂಗಸರಿಗೆ ಸಾರಿಗೆ ಸಂಸ್ಥೆಗಳ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಹಿರಿಯ ಗಂಡಸರಿಗೆ ಶೇ 25 ರಿಯಾಯಿತಿ. ಬಸ್ಸಿನಲ್ಲಿ ಉಚಿತವಾಗಿ ಹೋಗುವ ಅಜ್ಜಿ ರೈಲು ಹತ್ತಿದರೆ ಪೂರ್ತಿ ಟಿಕೆಟ್. ದೇಹಕ್ಕೆ ಹಿತವಾದ ವಾಹನ ಕೈಗೆಟುಕದಾಯಿತು. ಕೈಗೆಟುಕುವ ವಾಹನದಲ್ಲಿ ಐದು ತಾಸು ಕುಳಿತಿರುವುದು ದೇಹಕ್ಕೆ ಆಗದು. ಕೇಂದ್ರ ಒಂದು ಕಡೆ ಎಳೆದು ರಾಜ್ಯ ಇನ್ನೊಂದು ಕಡೆ ಎಳೆದರೆ ನಡುವೆ ನಲುಗುವವರು ಇವರು.

ಇನ್ನೂರು ರೂಪಾಯಿ

ಈಗ ವೃದ್ಧಾಪ್ಯ ವೇತನ. 1995ರ ಆಗಸ್ಟ್ 15ರಂದು ರಾಷ್ಟ್ರೀಯ ಸಾಮಾಜಿಕ ನೆರವು ಕಾರ್ಯಕ್ರಮ ಆರಂಭವಾದಾಗ ಕೇಂದ್ರದ ಪಾಲು ತಿಂಗಳಿಗೆ 75 ರೂಪಾಯಿ. ನಂತರ ಅದು 200 ಆಯಿತು. 2007ರಲ್ಲಿ ಯೋಜನೆಗೆ ಇಂದಿರಾ ಗಾಂಧಿಯವರ ಹೆಸರು ಬಂತು. 2011ರಲ್ಲಿ ವಯಸ್ಸಿನ ಮಿತಿ 65ರಿಂದ 60ಕ್ಕೆ ಇಳಿಯಿತು, 80 ದಾಟಿದವರಿಗೆ 500 ರೂಪಾಯಿ ಎಂದಾಯಿತು. 79 ವರ್ಷದವರೆಗಿನವರಿಗೆ ಕೇಂದ್ರ ಕೊಡುವುದು ಇಂದಿಗೂ ಅದೇ 200. ದಿನಕ್ಕೆ ಏಳು ರೂಪಾಯಿಯೂ ಆಗುವುದಿಲ್ಲ. ಗ್ರಾಮೀಣಾಭಿವೃದ್ಧಿ ಸ್ಥಾಯಿ ಸಮಿತಿ ಇದನ್ನು ಹೆಚ್ಚಿಸಿ ಎಂದು ಮತ್ತೆ ಮತ್ತೆ ಹೇಳಿದೆ. ಬೆಲೆ ಏರಿದೆ ಎಂದು ಸರ್ಕಾರವೇ ಒಪ್ಪಿ ತನ್ನ ನಿವೃತ್ತ ನೌಕರರಿಗೆ ವರ್ಷಕ್ಕೆ ಎರಡು ಬಾರಿ ತುಟ್ಟಿ ಪರಿಹಾರ ಪರಿಷ್ಕರಿಸುತ್ತದೆ. ಅವರಿಗೆ ಅದು ಸಿಗಬೇಕಾದದ್ದೇ. ಅದೇ ಮಾರುಕಟ್ಟೆಯಲ್ಲಿ ಅದೇ ಅಕ್ಕಿ, ಅದೇ ಮಾತ್ರೆ ಕೊಳ್ಳುವ ಕೂಲಿಕಾರ ಮುದುಕನಿಗೆ ಮಾತ್ರ ಬೆಲೆ ಏರಿಲ್ಲವೆಂಬಂತೆ ನಡೆದುಕೊಳ್ಳುವುದು ಯಾವ ನ್ಯಾಯ?

ಈ ಕೇಂದ್ರ ವೃದ್ಧಾಪ್ಯ ವೇತನ ದೇಶದಲ್ಲಿ ಎಷ್ಟು ಜನರಿಗೆ ಎಂಬುದಕ್ಕೂ ಮಿತಿಯಿದೆ: ಸುಮಾರು 2.2 ಕೋಟಿ. 2011ರ ಜನಗಣತಿಯಲ್ಲೇ 60 ದಾಟಿದವರು 10 ಕೋಟಿಗೂ ಹೆಚ್ಚಿದ್ದರು. ವಿಧವೆಯರು, ಅಂಗವಿಕಲರು ಸೇರಿ ಇಡೀ ಕಾರ್ಯಕ್ರಮಕ್ಕೆ ಇತ್ತೀಚಿನ ಬಜೆಟ್‌ಗಳಲ್ಲಿ ಇಡುತ್ತಿರುವ ಹಣ ವರ್ಷಕ್ಕೆ ಸುಮಾರು 9,600 ಕೋಟಿ ರೂಪಾಯಿ. ವರ್ಷ ಬದಲಾದರೂ ಅಂಕಿ ಹೆಚ್ಚು ಕಡಿಮೆ ಅಲ್ಲೇ ನಿಂತಿದೆ. ಇದೇ ಕಾರ್ಯಕ್ರಮದ 2.83 ಕೋಟಿ ರೂಪಾಯಿಯನ್ನು ಬೇರೆ ಯೋಜನೆಗಳ ಪ್ರಚಾರಕ್ಕೆ ಬಳಸಲಾಗಿದೆ ಎಂದು ಮಹಾಲೇಖಪಾಲರ 2023ರ ವರದಿ ಹೇಳಿತು. ಇಷ್ಟು ದೊಡ್ಡ ದೇಶಕ್ಕೆ ಅದು ಚಿಕ್ಕ ಮೊತ್ತ. ಆದರೆ ತಿಂಗಳಿಗೆ 200ರಂತೆ ಎಣಿಸಿದರೆ ಅದು ಹನ್ನೊಂದು ಸಾವಿರಕ್ಕೂ ಹೆಚ್ಚು ಮುದುಕರ ಒಂದು ವರ್ಷದ ವೇತನ.

ಕರ್ನಾಟಕ ತನ್ನ ಪಾಲು ಹೆಚ್ಚು ಕೊಡುತ್ತದೆ, ಇದನ್ನು ಒಪ್ಪಬೇಕು. 2007ರಲ್ಲಿ ಆರಂಭವಾದ ರಾಜ್ಯದ ಸಂಧ್ಯಾ ಸುರಕ್ಷಾ ವೇತನ ತಿಂಗಳಿಗೆ 400 ರೂಪಾಯಿಯಿಂದ 1,200 ರೂಪಾಯಿಗೆ ಬಂದಿದೆ. 2011ರ ಸಕಾಲ ಕಾಯ್ದೆಯಡಿ ವೇತನದ ಅರ್ಜಿಗೂ ಗಡುವಿದೆ. ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಅರ್ಜಿದಾರರಿಗೆ ಪರಿಹಾರ, ಅದೂ ತಪ್ಪಿತಸ್ಥ ಅಧಿಕಾರಿಯ ಸಂಬಳದಿಂದ. ಮನೆಯಿಂದ ಫೋನ್ ಮಾಡಿದರೆ 72 ಗಂಟೆಯಲ್ಲಿ ಮಂಜೂರಾತಿ ಎಂಬ ಯೋಜನೆ 2022ರಲ್ಲಿ ಬಂತು. ಇವೆಲ್ಲ ಸರಿಯಾದ ದಾರಿ.

ಆದರೆ ಈ ಗಡಿಯಾರ ಮಂಜೂರಾತಿಯ ತನಕ ಮಾತ್ರ ಓಡುತ್ತದೆ. ಮಂಜೂರಾದ ವೇತನ ನಡುವೆ ನಿಂತರೆ? ಆಧಾರ್ ಲಿಂಕ್ ಆಗಿಲ್ಲ, ಹೆಸರಿನ ಅಕ್ಷರ ಹೊಂದುತ್ತಿಲ್ಲ, ಖಾತೆ ನಿಷ್ಕ್ರಿಯವಾಗಿದೆ ಎಂಬ ಕಾರಣಗಳು ಹಳ್ಳಿಯ ಪ್ರತಿ ಕಟ್ಟೆಯ ಮೇಲೂ ಕೇಳಿಬರುತ್ತವೆ. ಜೀವನವಿಡೀ ಕುಡುಗೋಲು ಹಿಡಿದು ಸವೆದ ಬೆರಳಿನ ಗುರುತು ಯಂತ್ರಕ್ಕೆ ಸಿಗದಿದ್ದರೆ ಅದು ಆ ಬೆರಳಿನ ತಪ್ಪಲ್ಲ. ವೇತನ ನಿಲ್ಲಿಸುವ ಮೊದಲು ಮನೆಗೆ ಹೋಗಿ ನೋಡಬೇಕು, ಬರೆದು ತಿಳಿಸಬೇಕು, ತಪ್ಪಾಗಿ ನಿಲ್ಲಿಸಿದ್ದರೆ ಬಾಕಿ ಸಮೇತ ಕೊಡಬೇಕು. ಸಕಾಲದ ಗಡಿಯಾರ ಇದಕ್ಕೂ ಓಡಲಿ.

ವೇತನದ ಆಚೆಯ ಆರೈಕೆ

ಹಣ ಕೊಟ್ಟರೆ ಆರೈಕೆ ಮುಗಿಯುವುದಿಲ್ಲ. ಹಾಸಿಗೆ ಹಿಡಿದವರ ಬೆನ್ನು ಹುಣ್ಣಾಗದಂತೆ ಮಗ್ಗುಲು ಬದಲಿಸುವವರು ಯಾರು? ಇಂದು ಅದು ಮನೆಯ ಸೊಸೆ, ಮಗಳು ಅಥವಾ ಅಷ್ಟೇ ವಯಸ್ಸಾದ ಹೆಂಡತಿ. ಅವರ ದುಡಿಮೆಗೆ ಲೆಕ್ಕವಿಲ್ಲ, ರಜೆಯಿಲ್ಲ. ಮಕ್ಕಳು ಬೆಂಗಳೂರಿಗೋ ಪುಣೆಗೋ ಹೋದ ಮನೆಗಳಲ್ಲಿ ಅದೂ ಇಲ್ಲ.

2007ರ ಪೋಷಕರ ಮತ್ತು ಹಿರಿಯ ನಾಗರಿಕರ ಜೀವನಾಂಶ ಹಾಗೂ ಕಲ್ಯಾಣ ಕಾಯ್ದೆ ಮಕ್ಕಳ ಮೇಲೆ ಖಚಿತವಾದ ಹೊಣೆ ಹೊರಿಸಿದೆ. ಉಪವಿಭಾಗಾಧಿಕಾರಿಯ ನ್ಯಾಯಮಂಡಳಿ ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸಬಹುದು; ಸಾಮಾನ್ಯವಾಗಿ 90 ದಿನದಲ್ಲಿ ತೀರ್ಮಾನವಾಗಬೇಕು. ಆದರೆ ಪ್ರತಿ ಜಿಲ್ಲೆಯಲ್ಲೂ ಕನಿಷ್ಠ 150 ಜನ ನಿರ್ಗತಿಕ ಹಿರಿಯರಿಗೆ ಆಶ್ರಯ ಕೊಡುವ ಮನೆ ಕಟ್ಟುವುದನ್ನು ಅದೇ ಕಾಯ್ದೆ ರಾಜ್ಯ ಸರ್ಕಾರದ ಇಚ್ಛೆಗೆ ಬಿಟ್ಟಿದೆ. ಮಗ ತಪ್ಪಿದರೆ ದಂಡ, ಜೈಲು. ಸರ್ಕಾರ ತಪ್ಪಿದರೆ ಏನೂ ಇಲ್ಲ. 2018ರ ಡಿಸೆಂಬರ್‌ನಲ್ಲಿ ಅಶ್ವನಿ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹಿರಿಯರ ಘನತೆ, ಆಶ್ರಯ, ಆರೋಗ್ಯದ ಹಕ್ಕುಗಳನ್ನು ಎತ್ತಿ ಹಿಡಿದು, ಜಿಲ್ಲೆಗಳಲ್ಲಿ ಎಷ್ಟು ವೃದ್ಧಾಶ್ರಮಗಳಿವೆ ಎಂಬ ಲೆಕ್ಕ ತರಿಸಿ ಎಂದು ಕೇಂದ್ರಕ್ಕೆ ಸೂಚಿಸಿತು. ಲೆಕ್ಕವನ್ನೇ ನ್ಯಾಯಾಲಯ ಕೇಳಿ ಪಡೆಯಬೇಕಾಯಿತು ಎಂಬುದೇ ನಮ್ಮ ಸ್ಥಿತಿಯನ್ನು ಹೇಳುತ್ತದೆ.

ರಾಜ್ಯದೊಳಗೂ ವಿಳಾಸ ಹರಿದು ಹಂಚಿದೆ. ವೇತನ ಕಂದಾಯ ಇಲಾಖೆಯಲ್ಲಿ. ವೃದ್ಧಾಶ್ರಮ, ಗುರುತಿನ ಚೀಟಿ ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯಲ್ಲಿ. ಔಷಧಿ ಆರೋಗ್ಯ ಇಲಾಖೆಯಲ್ಲಿ. ಬಸ್ ರಿಯಾಯಿತಿ ಸಾರಿಗೆ ಇಲಾಖೆಯಲ್ಲಿ. ಇಷ್ಟು ಬಾಗಿಲು ತಟ್ಟುವ ಶಕ್ತಿ ಇದ್ದವರಿಗೆ ಆರೈಕೆಯ ಅಗತ್ಯವೇ ಅಷ್ಟಾಗಿ ಇರುವುದಿಲ್ಲ.

ಪಕ್ಕದ ಕೇರಳ 2008ರಲ್ಲಿ ಉಪಶಾಮಕ ಆರೈಕೆಯ ನೀತಿ ರೂಪಿಸಿ, ಅದನ್ನು ಪಂಚಾಯಿತಿಗಳ ಕೆಲಸವನ್ನಾಗಿ ಮಾಡಿತು. ಹಾಸಿಗೆ ಹಿಡಿದವರ ಮನೆಗೆ ನರ್ಸ್ ಬರುತ್ತಾರೆ. ಬರದಿದ್ದರೆ ಯಾರನ್ನು ಕೇಳಬೇಕು ಎಂಬುದು ಊರಿಗೆ ಗೊತ್ತು, ಏಕೆಂದರೆ ಪಂಚಾಯಿತಿ ಕಣ್ಣೆದುರಿಗೇ ಇದೆ. ನಮ್ಮಲ್ಲಿ ಪಂಚಾಯಿತಿಗಳಿವೆ, ಆಶಾ ಕಾರ್ಯಕರ್ತೆಯರಿದ್ದಾರೆ, ಅಂಗವಿಕಲರಿಗಾಗಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಅವರಿಗೆ ಸರಿಯಾದ ತರಬೇತಿ ಮತ್ತು ಗೌರವಯುತ ಸಂಬಳ ಕೊಟ್ಟು ಮನೆ ಆರೈಕೆಯ ಹೊಣೆಯನ್ನು ಪಂಚಾಯಿತಿಗೆ ಒಪ್ಪಿಸಬಹುದು. ಈಗ ಕೊಡುವ ಗೌರವಧನದಲ್ಲೇ ಇನ್ನೊಂದು ಹೊರೆ ಹೇರುವುದಾದರೆ ಬೇಡ.

ಎರಡು ಆಕ್ಷೇಪಗಳು

ಹಣವಿಲ್ಲ ಎಂಬುದು ಮೊದಲ ಆಕ್ಷೇಪ. ಸರ್ಕಾರದ ಶಕ್ತಿಗೆ ಮಿತಿಯಿದೆ. ಸಂವಿಧಾನವೂ ಅದನ್ನು ಒಪ್ಪುತ್ತದೆ. ನಾನು ಕೇಳುತ್ತಿರುವುದರಲ್ಲಿ ಹೆಚ್ಚಿನದಕ್ಕೆ ಹಣಕ್ಕಿಂತ ಬರವಣಿಗೆ ಬೇಕು. ಇಷ್ಟು ಕೊಡಬಲ್ಲೆವು, ಇದನ್ನು ಕೊಡಲಾರೆವು, ಕಾರಣ ಇದು ಎಂದು ಸರ್ಕಾರ ಬರೆದು ಪ್ರಕಟಿಸಲಿ. ಆಗ ಜನ ಒಪ್ಪಬಹುದು, ವಿರೋಧಿಸಬಹುದು, ಮತ ಹಾಕುವಾಗ ನೆನಪಿಟ್ಟುಕೊಳ್ಳಬಹುದು. ಸುಮ್ಮನೆ ನಿಂತುಹೋದ ಸೇವೆಗೆ ಮತದಾರ ಯಾರನ್ನು ಶಿಕ್ಷಿಸಬೇಕು, ಯಾರನ್ನು ಮೆಚ್ಚಬೇಕು?

ರೈಲಿನ ಸಮಯ, ನಿಲುಗಡೆ ತಜ್ಞರ ವಿಷಯ, ಅದರಲ್ಲಿ ಜನರು ತಲೆಹಾಕಬಾರದು ಎಂಬುದು ಎರಡನೆಯದು. ಹಳಿಯ ಸಾಮರ್ಥ್ಯ, ಸುರಕ್ಷತೆ ಖಂಡಿತ ತಜ್ಞರ ವಿಷಯ. ಆದರೆ ಯಾರಿಗಾಗಿ ರೈಲು ಎಂಬುದು ಪ್ರಜೆಗಳ ವಿಷಯ. 2021ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ರೈಲು ತಡವಾದುದಕ್ಕೆ ತನ್ನ ಹಿಡಿತ ಮೀರಿದ ಕಾರಣವಿತ್ತು ಎಂದು ರೈಲ್ವೆ ಸಾಬೀತು ಮಾಡದಿದ್ದರೆ ಪ್ರಯಾಣಿಕನಿಗೆ ಪರಿಹಾರ ಕೊಡಬೇಕು ಎಂದು ತೀರ್ಪು ನೀಡಿತು. 2024ರ ನವೆಂಬರ್‌ನಲ್ಲಿ ರಾಜೀವ್ ರತೂರಿ ಪ್ರಕರಣದಲ್ಲಿ, ಅಂಗವಿಕಲರಿಗೆ ಸುಗಮ ಪ್ರವೇಶದ ಮಾನದಂಡಗಳು ಬರೀ ಸಲಹೆಗಳಾಗಿ ಉಳಿಯಬಾರದು, ಕಡ್ಡಾಯವಾಗಬೇಕು ಎಂದು ಹೇಳಿತು. ಇಳಿಜಾರು ದಾರಿ, ಲಿಫ್ಟ್, ಬೋಗಿಯ ಮಟ್ಟಕ್ಕೆ ಬರುವ ಪ್ಲಾಟ್‌ಫಾರ್ಮ್ ಅಂಗವಿಕಲರಷ್ಟೇ ಮೊಣಕಾಲು ನೋವಿನ ಅಜ್ಜಿಗೂ ಬೇಕು. ನಮ್ಮ ಸಿದ್ಧಾರೂಢ ನಿಲ್ದಾಣದಲ್ಲಿ 1,507 ಮೀಟರ್ ಉದ್ದದ, ಜಗತ್ತಿನಲ್ಲೇ ಅತಿ ಉದ್ದವೆನ್ನುವ ಪ್ಲಾಟ್‌ಫಾರ್ಮ್ ಇದೆ. ನಮಗೆ ಅದರ ಬಗ್ಗೆ ಹೆಮ್ಮೆಯಿದೆ. ಸಣ್ಣ ಸ್ಟೇಷನ್ನಿನಲ್ಲಿ ಅಜ್ಜಿ ಯಾರ ಕೈಯನ್ನೂ ಹಿಡಿಯದೆ ರೈಲಿನಿಂದ ಇಳಿಯುವ ದಿನ ಆ ಹೆಮ್ಮೆ ಪೂರ್ತಿಯಾಗುತ್ತದೆ.

ಈಗಾಗಲೇ ಇರುವ ಮೇಜು

ಹಾಗಾದರೆ ವಿಳಾಸ ಎಲ್ಲಿ? ಹೊಸ ಆಯೋಗ ಬೇಕಿಲ್ಲ. ಪ್ರತಿ ಜಿಲ್ಲೆಯಲ್ಲೂ ಜಿಲ್ಲಾ ಅಭಿವೃದ್ಧಿ ಸಮನ್ವಯ ಮತ್ತು ಉಸ್ತುವಾರಿ ಸಮಿತಿ ಇದೆ. ದಿಶಾ ಸಮಿತಿ ಎಂದು ಕರೆಯುತ್ತೇವೆ. 2016ರಲ್ಲಿ ಈ ಸ್ವರೂಪಕ್ಕೆ ಬಂದ ಇದಕ್ಕೆ ಲೋಕಸಭಾ ಸದಸ್ಯರು ಅಧ್ಯಕ್ಷರು. ಶಾಸಕರು, ಜಿಲ್ಲೆಯ ಅಧಿಕಾರಿಗಳು ಅಲ್ಲಿರುತ್ತಾರೆ. ಮೂರು ತಿಂಗಳಿಗೊಮ್ಮೆ ಸಭೆ ಸೇರಬೇಕು. ವೃದ್ಧಾಪ್ಯ ವೇತನ ಅದರ ಪಟ್ಟಿಯಲ್ಲಿದೆ, ರೈಲ್ವೆಯೂ ಇದೆ. ನಾನು ಇಷ್ಟು ಹೊತ್ತು ಹೇಳಿದ ಎರಡೂ ವಿಷಯಗಳು, ಎರಡೂ ಸರ್ಕಾರಗಳು ಒಂದೇ ಕೋಣೆಯಲ್ಲಿ ಕೂರುವ ಜಾಗ ಅದು. ಅದನ್ನು ಬಳಸಬೇಕು.

ನನ್ನ ಸಲಹೆಗಳು ಐದು.

ಒಂದು, ಪ್ರತಿ ತಾಲ್ಲೂಕಿಗೂ ಸೇವಾ ಪತ್ರ ಪ್ರಕಟವಾಗಲಿ. ಯಾವ ಸ್ಟೇಷನ್ನಿನಲ್ಲಿ ದಿನಕ್ಕೆ ಕನಿಷ್ಠ ಎಷ್ಟು ರೈಲು ನಿಲ್ಲುತ್ತವೆ, ಎಷ್ಟು ಹಿರಿಯರಿಗೆ ವೇತನ ಬರುತ್ತಿದೆ, ಎಷ್ಟು ಜನರದ್ದು ನಿಂತಿದೆ, ಮನೆ ಆರೈಕೆಗೆ ಯಾರನ್ನು ಕರೆಯಬೇಕು ಎಂಬುದನ್ನು ಸ್ಟೇಷನ್ ಮತ್ತು ಗ್ರಾಮ ಪಂಚಾಯಿತಿ ಗೋಡೆಯ ಮೇಲೆ ಕನ್ನಡದಲ್ಲಿ ಬರೆದಿರಬೇಕು.

ಎರಡು, ರೈಲು, ನಿಲುಗಡೆ, ರಿಯಾಯಿತಿ, ವೇತನ ಇವುಗಳಲ್ಲಿ ಯಾವುದನ್ನು ತೆಗೆದರೂ ಲಿಖಿತ ಕಾರಣ ಕೊಡಬೇಕು. ತಾತ್ಕಾಲಿಕವಾದರೆ ಮುಗಿಯುವ ದಿನಾಂಕ ಇರಬೇಕು. ದಿನಾಂಕ ದಾಟಿದರೆ ಹಳೆಯ ಸೇವೆ ತಾನಾಗಿಯೇ ಮರಳಬೇಕು.

ಮೂರು, ಕೇಂದ್ರದ ವೃದ್ಧಾಪ್ಯ ವೇತನವನ್ನು ಬೆಲೆ ಸೂಚ್ಯಂಕಕ್ಕೆ ಜೋಡಿಸಬೇಕು. ರಾಜ್ಯವೂ ಸಂಧ್ಯಾ ಸುರಕ್ಷಾಕ್ಕೆ ಇದೇ ನಿಯಮ ಹಾಕಿಕೊಳ್ಳಲಿ.

ನಾಲ್ಕು, ಅರ್ಧ ವೆಚ್ಚ ಕೊಡುವ ಪ್ರತಿ ಹೊಸ ಮಾರ್ಗದಲ್ಲೂ ಕನಿಷ್ಠ ಸೇವೆಯ ಕರಾರಿಗೆ ಸಹಿಯಾಗದೆ ರಾಜ್ಯ ಸರ್ಕಾರ ಕೊನೆಯ ಕಂತು ಬಿಡುಗಡೆ ಮಾಡಬಾರದು.

ಐದು, ವರ್ಷಕ್ಕೊಮ್ಮೆ ಗ್ರಾಮಸಭೆಯಲ್ಲಿ ವೇತನ ಪಟ್ಟಿಯನ್ನು ಗಟ್ಟಿಯಾಗಿ ಓದಬೇಕು. ವೇತನ ನಿಂತವರ ಹೆಸರನ್ನು ಮೊದಲು ಓದಬೇಕು. ಅದರ ವರದಿ ದಿಶಾ ಸಭೆಗೆ ಬರಬೇಕು.

ಬಂಧುಗಳೆ, ಇವು ತಾವಾಗಿಯೇ ಆಗುವುದಿಲ್ಲ. ಈ ಸಭಾಂಗಣದಲ್ಲಿ ನಿವೃತ್ತ ಶಿಕ್ಷಕರಿದ್ದಾರೆ, ರೈಲ್ವೆಯಲ್ಲೇ ದುಡಿದವರಿದ್ದಾರೆ, ವಕೀಲರಿದ್ದಾರೆ, ಹಿರಿಯ ನಾಗರಿಕರ ಸಂಘಗಳ ಪದಾಧಿಕಾರಿಗಳಿದ್ದಾರೆ. ನಿಮ್ಮ ಸಂಘ ನಿಮ್ಮ ತಾಲ್ಲೂಕಿನ ಬಗ್ಗೆ ಎರಡೇ ಪ್ರಶ್ನೆ ಬರೆಯಲಿ: ಯಾವ ರೈಲು, ಯಾವ ನಿಲುಗಡೆ ಹೋಯಿತು, ಏಕೆ? ಎಷ್ಟು ಜನರ ವೇತನ ನಿಂತಿದೆ, ಎಂದು ಬರುತ್ತದೆ? ಅದನ್ನು ನಿಮ್ಮ ಲೋಕಸಭಾ ಸದಸ್ಯರಿಗೆ ಕೊಟ್ಟು ಮುಂದಿನ ದಿಶಾ ಸಭೆಯ ಕಾರ್ಯಸೂಚಿಯಲ್ಲಿ ಸೇರಿಸಿ ಎಂದು ಕೇಳಿ, ಸ್ವೀಕೃತಿ ಪಡೆಯಿರಿ. ಸಭೆಯ ನಡಾವಳಿಯ ಪ್ರತಿ ತರಿಸಿ ಓದಿರಿ. ಉತ್ತರ ಇಲ್ಲದಿದ್ದರೆ ಮೂರು ತಿಂಗಳ ನಂತರ ಅದೇ ಪ್ರಶ್ನೆಯನ್ನು ಮತ್ತೆ ಕೊಡಿ. ಸಂಸದರ ಮೂಲಕ ಸದನದಲ್ಲಿ ಪ್ರಶ್ನೆ ಹಾಕಿಸಿ. ಅಲ್ಲಿ ಸಚಿವರು ಕೊಟ್ಟ ಭರವಸೆಯನ್ನು ಬೆನ್ನು ಹತ್ತಲು ಸರ್ಕಾರಿ ಭರವಸೆಗಳ ಸಮಿತಿಯೇ ಇದೆ.

ವೃದ್ಧಾಪ್ಯ ಕೆಲವರ ಸಮಸ್ಯೆ ಎಂದು ಯಾರೂ ಭಾವಿಸಬಾರದು. 2050ರ ಹೊತ್ತಿಗೆ ದೇಶದ ಐವರಲ್ಲಿ ಒಬ್ಬರು 60 ದಾಟಿರುತ್ತಾರೆ ಎಂಬುದು ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿಯ ಅಂದಾಜು. ಇಲ್ಲಿ ಕುಳಿತಿರುವ ಕಾಲೇಜು ವಿದ್ಯಾರ್ಥಿಗಳು ಆಗ ತಮ್ಮ ತಂದೆತಾಯಿಯನ್ನು ಆಸ್ಪತ್ರೆಗೆ ಕರೆತರುತ್ತಿರುತ್ತಾರೆ. ಅಂದು ಅವರು ಯಾರನ್ನು ಕೇಳಬೇಕು ಎಂಬುದನ್ನು ನಾವು ಇಂದೇ ತೀರ್ಮಾನಿಸಿ ಬರೆಸಿಕೊಳ್ಳಬೇಕು. ಕೇಳುವವರು ಇದ್ದಾರೆ ಎಂದು ಗೊತ್ತಾದರೆ ಉತ್ತರ ಹೇಳುವವರೂ ಮುಂದೆ ಬರುತ್ತಾರೆ. ಮೊದಲ ಅರ್ಜಿ ಹುಬ್ಬಳ್ಳಿ–ಧಾರವಾಡದಿಂದಲೇ ಹೋಗಲಿ ಎಂದು ಕೇಳಿಕೊಳ್ಳುತ್ತೇನೆ.